ಭಾವನ ಪೂಜಾರಿ ಪಟ್ಟಕ್ಕೆ ಮೂರು ಕುಂಬಳಕಾಯಿ

ತಮಿಳುನಾಡಿನ ಪಲ್ಲಡಂ ಹತ್ತಿರದ ನಮ್ಮ ನೇಕಾರರ ಬೀದಿಯಲ್ಲಿ ಒಂದು ದೇವಿಯ ಗುಡಿಯಿದೆ. ನನ್ನ ಸೋದರಮಾವ ಅಲ್ಲಿ ನಲವತ್ತು ವರ್ಷ ಪೂಜಾರಿಯಾಗಿದ್ದರು. ಅವರು ತೀರಿಕೊಂಡ ಮೇಲೆ ಒಂದು ತೊಂದರೆ ಎದ್ದಿತು. ಹೊಸ ಪೂಜಾರಿಗೆ ಪಟ್ಟ ಕಟ್ಟುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ.

ದಿನದ ಪೂಜೆ ಎಲ್ಲರಿಗೂ ಗೊತ್ತು. ಆದರೆ ಪೂಜಾರಿಯನ್ನು ಪೂಜಾರಿ ಮಾಡುವ ಶಾಸ್ತ್ರ ತಲೆಮಾರಿಗೊಮ್ಮೆ ನಡೆಯುವಂಥದ್ದು, ಅದೂ ಪರದೆ ಕಟ್ಟಿ, ನಾಲ್ಕೈದು ಜನರ ಎದುರು ಮಾತ್ರ. ಯಾರೂ ಬರೆದಿಟ್ಟಿರಲಿಲ್ಲ. ನಮ್ಮವರು ಮನೆಯಲ್ಲಿ ಕನ್ನಡ ಆಡುತ್ತಾರೆ, ಬರೆಯಲು ಬಾರದು. ತಮಿಳಿನಲ್ಲಿ ಬರೆದರೆ ದೇವಿ ಏನಂದುಕೊಳ್ಳುತ್ತಾಳೋ ಎಂದು ಅದೂ ಆಗಲಿಲ್ಲ. ಮಾವನ ಪಟ್ಟದ ದಿನ ಪರದೆಯೊಳಗೆ ಇದ್ದವರಲ್ಲಿ ಈಗ ಉಳಿದಿರುವವನು ನಾನೊಬ್ಬನೇ. ಆಗ ನನಗೆ ಐದು ವರ್ಷ. ಅಳು ನಿಲ್ಲಿಸಲಿಲ್ಲವೆಂದು ತಾತ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಒಳಗೆ ಹೋಗಿದ್ದರಂತೆ.

ನಾನು ಮೈಸೂರಿನಲ್ಲಿ ಪ್ರಾಚೀನ ನಾಗರಿಕತೆಗಳ ಬಗ್ಗೆ ಎಂ.ಎ. ಓದಿದವನು. ಆಮೇಲೆ ಐದಾರು ಕೆಲಸ ಹಿಡಿದು ಬಿಟ್ಟು, ಈಗ ಕೊಯಮತ್ತೂರಿನ ಶರವಣಂಪಟ್ಟಿಯ ಒಂದು ಕಾಲೇಜಿನಲ್ಲಿ, ಸಂದರ್ಶನಕ್ಕೆ ಹೋದಾಗ ಹೇಗೆ ಕೈಕುಲುಕಬೇಕೆಂದು ಎಂಜಿನಿಯರಿಂಗ್ ಹುಡುಗರಿಗೆ ಹೇಳಿಕೊಡುತ್ತೇನೆ. ನನಗೆ ನಂಬಿಕೆ ಕಡಿಮೆ. ದೇವರ ಮೇಲಿನದಕ್ಕಿಂತ ನನ್ನ ನೆನಪಿನ ಮೇಲೆ ಇನ್ನೂ ಕಡಿಮೆ. ಚಿಕ್ಕಂದಿನಲ್ಲಿ ನೂಲಿಗೆ ಬಣ್ಣ ಹಾಕುವ ತೊಟ್ಟಿಗೆ ಬಿದ್ದು ಮೂರು ದಿನ ನೀಲಿಯಾಗಿದ್ದೆ ಎಂದು ವರ್ಷಗಟ್ಟಲೆ ಎಲ್ಲರಿಗೂ ಹೇಳುತ್ತಿದ್ದೆ. ಬಿದ್ದವಳು ನನ್ನ ಅಕ್ಕನಂತೆ. ನಾನು ದಡದಲ್ಲಿ ನಿಂತು ನಕ್ಕವನಂತೆ.

ಆ ಅಕ್ಕನನ್ನು ಮಾವನ ಮಗನಿಗೇ ಕೊಟ್ಟಿದೆ. ಪಟ್ಟಕ್ಕೆ ಬರಬೇಕಾದವನು ಅವನೇ, ನನ್ನ ಭಾವ. ಹನ್ನೆರಡು ಪವರ್‌ಲೂಮ್ ಇಟ್ಟುಕೊಂಡಿದ್ದ, ದೊಡ್ಡ ಹೊಟ್ಟೆಯ, ಯಾರ ಮಾತಿಗೂ ಒಂದು ತಮಾಷೆ ಸೇರಿಸುವ ಮನುಷ್ಯ. ಅಪ್ಪ ಹೋದ ಮೇಲೆ ತಮಾಷೆ ನಿಂತಿತು. ಸಂಜೆ ಲೂಮ್ ಬಿಟ್ಟು ಗುಡಿಯ ಹೊಸಿಲಿನ ಹೊರಗೆ ಬಂದು ನಿಲ್ಲುತ್ತಿದ್ದ. ಒಳಗೆ ಕಾರಮಡೈ ಕಡೆಯಿಂದ ಸ್ಕೂಟರಿನಲ್ಲಿ ಬರುವ ಬಾಡಿಗೆ ಪೂಜಾರಿ ಗಡಿಯಾರ ನೋಡಿಕೊಂಡು ಮಂಗಳಾರತಿ ಎತ್ತುತ್ತಿದ್ದರು. ಅಪ್ಪ ಹಚ್ಚುತ್ತಿದ್ದ ದೀಪವನ್ನು ತಾನು ಹಚ್ಚಬೇಕು, ಅಷ್ಟೇ ಭಾವನಿಗೆ ಬೇಕಾಗಿದ್ದದ್ದು.

ಅಡ್ಡಿ ಬೀದಿಯ ಯಜಮಾನರದು. ಅವರಿಗೆ ಸಿಂಹದ ಸಿಟ್ಟು ಇನ್ನೂ ಆರಿರಲಿಲ್ಲ. ಹಿಂದೊಮ್ಮೆ ಮಾವ ಜ್ವರ ಬಂದು ಮಲಗಿದ್ದಾಗ, ಗುಡಿಗೆ ಜನ ಬರುವುದು ಕಡಿಮೆಯಾಯಿತೆಂದು ಭಾವ ಯಾವುದೋ ಮದುವೆ ಮಂಟಪದವರು ಮಾರುತ್ತಿದ್ದ ಫೈಬರ್ ಸಿಂಹವೊಂದನ್ನು ತಂದು, ಬಂಗಾರದ ಬಣ್ಣ ಬಳಿದು, ದೇವಿಯ ಎದುರಿಗೆ ನಿಲ್ಲಿಸಿದ್ದ. ಜನ ಬಂದರು. ದೇವಿಗೆ ಬೆನ್ನು ಹಾಕಿ ಸಿಂಹದ ಜೊತೆ ಸೆಲ್ಫಿ ತೆಗೆದುಕೊಂಡರು. ಅದಕ್ಕೆ ಹಾರ ಹಾಕಿದರು. ಮಾವ ಜ್ವರದಲ್ಲೇ ಎದ್ದು ಬಂದು ಅದನ್ನು ಆಚೆ ಎಳೆಸಿದರು.

ಹಾಗಾಗಿ ಲೂಮ್ ಶೆಡ್ಡಿನಲ್ಲಿ ಮಾತುಕತೆಗೆ ಕೂತಾಗ ಯಜಮಾನರು ಹೇಳಿದರು: "ಶಾಸ್ತ್ರ ಗೊತ್ತಿಲ್ಲದೆ ಪಟ್ಟ ಕಟ್ಟಿದ್ರೆ ಅದು ಪಟ್ಟ ಅಲ್ಲ ಸಾಮಿ, ಫ್ಯಾನ್ಸಿ ಡ್ರೆಸ್ಸು. ಹಿಂದಿನ ಪಟ್ಟ ಕಟ್ಟಿದಾಗ ನಾನು ಸೇಲಂನಲ್ಲಿ ಮಿಲ್ಲಿನ ವೇಲೆಗಿದ್ದೆ. ಊರಲ್ಲಿದ್ದಿದ್ರೆ ನೋಡಿರ್ತಿದ್ದೆ. ಇಲ್ಲ ಅಂದ್ಮೇಲೆ ಕಾರಮಡೈಯವರೇ ಇರ್ಲಿ."

ಭಾವ ನನ್ನ ಕಡೆ ತಿರುಗಿದ. "ವಾತ್ಯಾರೇ, ನೀನು ಒಳಗಿದ್ದೆಯಲ್ಲ. ಏನಾದ್ರೂ ಗ್ಯಾಪಕ ಅದೆಯಾ?"

ನಾನು ಪಾಠ ಹೇಳುವುದರಿಂದ ಅವನಿಗೆ ವಾತ್ಯಾರು. ಕಣ್ಣು ಮುಚ್ಚಿದೆ. ಎಲ್ಲವೂ ಒಂದೊಂದಾಗಿ ಎದ್ದು ಬಂತು. ನಾನು ತಡವರಿಸದೆ ಹೇಳಿದೆ: ಮೊದಲು ಪರದೆಯೊಳಗಿನವರ ಎದುರು ಸ್ನಾನ ಮಾಡಿಸಬೇಕು. ಬಟ್ಟೆಗಳನ್ನು ಬೇರೆಯವರು ಒಂದೊಂದಾಗಿ ತೊಡಿಸಬೇಕು, ಕೊನೆಗೆ ಪೇಟ. ತಲೆಗೆ ಎಣ್ಣೆ ಸುರಿಯಬೇಕು. ಮೂರು ಬೂದುಗುಂಬಳಕಾಯಿ ಬೇಕು, ಒಂದು ದೊಡ್ಡದು, ಎರಡು ಅದಕ್ಕಿಂತ ಸಣ್ಣವು. ಮೂರನೆಯದನ್ನು ಒಡೆದು, ಅದರೊಳಗೆ ತುಂಬಿಟ್ಟ ಕುಂಕುಮದ ನೀರನ್ನು ಬಲಗಿವಿಯ ತುದಿಗೆ, ಬಲಗೈ ಹೆಬ್ಬೆರಳಿಗೆ, ಬಲಗಾಲ ಹೆಬ್ಬೆರಳಿಗೆ ಹಚ್ಚಬೇಕು. ಆಮೇಲೆ ಏಳು ದಿನ ಗುಡಿಯ ಬಾಗಿಲು ಬಿಟ್ಟು ಕದಲಬಾರದು.

ಇಷ್ಟು ವಿವರ ಸುಳ್ಳಾಗಿರಲು ಸಾಧ್ಯವಿಲ್ಲವೆಂದು ಎಲ್ಲರಿಗೂ ಅನಿಸಿತು. ನನಗೂ ಅನಿಸಿತು.

ಆದರೂ ಓದಿದವನಲ್ಲವೇ, ಎರಡನೆಯ ಸಾಕ್ಷಿ ಬೇಕೆಂದು ಅತ್ತೆಯ ಹತ್ತಿರ ಹೋದೆ. ಅತ್ತೆ ಎಂದರೆ ಮಾವನ ಹೆಂಡತಿ, ಭಾವನ ತಾಯಿ. ಆ ದಿನ ಅವರು ಪರದೆಯ ಹೊರಗೆ ಒಲೆಯ ಮುಂದಿದ್ದರು.

"ನಂಗೇನು ಕಂಡದೆ ಮಗಾ? ಒಳಗಿಂದ ತಪ್ ಅಂತ ಒಂದು ಸದ್ದು ಬಂತು. ಅಷ್ಟೇ."

"ಕುಂಬಳಕಾಯಿ ಒಡೆದದ್ದಾ ಅತ್ತೆ?"

"ಆಗಿರ್ಬೋದು. ನಿನ್ನ ತಾತ ನಿಂಗೆ ಹೊಡೆದದ್ದೂ ಆಗಿರ್ಬೋದು. ಅಳ್ತಿದ್ದೆಯಲ್ಲ."

"ಬುಟ್ಟಿ ತುಂಬ ರೊಟ್ಟಿ ಮಾಡಿದ್ರಿ ಅಲ್ವಾ? ಒಂದು ಬರೀ ರೊಟ್ಟಿ, ಒಂದು ಎಣ್ಣೆ ಹಾಕಿ ಕಲಸಿದ್ದು, ಒಂದು ತೆಳ್ಳಗೆ ಮಾಡಿ ಮೇಲೆ ಎಣ್ಣೆ ಸವರಿದ್ದು?"

ಅತ್ತೆ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. "ಆಮಾ," ಎಂದರು. "ಮಾಡಿದ್ದೆ ಅನಿಸ್ತದೆ. ಕೈ ಸುಟ್ಕೊಂಡಿದ್ದೆ."

"ಹುಳಿ ಬಂದ ಹಿಟ್ಟು ಇರಲಿಲ್ಲ."

"ಇರಲಿಲ್ವಾ? ಸರಿ, ಇರಲಿಲ್ಲ."

ಉತ್ತರವನ್ನು ನಾನೇ ಕೊಟ್ಟು ಪ್ರಶ್ನೆ ಕೇಳುತ್ತಿದ್ದೇನೆಂದು ನನಗೆ ಆಗ ಹೊಳೆಯಲಿಲ್ಲ. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರಲ್ಲ ಎಂದು ಹಿಗ್ಗಿದೆ.

ಪಟ್ಟ ಕಟ್ಟುವ ದಿನ ಗುಡಿಯ ಮುಂದೆ ಪರದೆ ಕಟ್ಟಿ ಭಾವನನ್ನು ಕೂರಿಸಿ ಹದಿನೆಂಟು ಕೊಡ ನೀರು ಹೊಯ್ದರು. ಬಟ್ಟೆ ತೊಡಿಸಲು ಬಂದವರು ಸುತ್ತಿದ ನಡುಪಟ್ಟಿ ಭಾವನ ಹೊಟ್ಟೆಗೆ ಸಾಲಲಿಲ್ಲ. ಇನ್ನೊಂದು ಪಟ್ಟಿ ತಂದು ಗಂಟು ಹಾಕಿದರು. ಎಣ್ಣೆ ಸುರಿದಾಗ ಅದು ಪೇಟದೊಳಗಿಂದ ಹಣೆಗಿಳಿದು ಕಣ್ಣಿಗೆ ಹೋಯಿತು. ಪೇಟಕ್ಕಿಂತ ಮೊದಲು ಎಣ್ಣೆಯೋ, ಎಣ್ಣೆಗಿಂತ ಮೊದಲು ಪೇಟವೋ ಎಂದು ಯಾರೋ ಕೇಳಿದರು. ಪೇಟವೇ ಮೊದಲು, ನನಗೆ ಸ್ಪಷ್ಟವಾಗಿ ನೆನಪಿದೆ ಎಂದೆ.

ನಮ್ಮ ದೇವಿಗೆ ಪ್ರಾಣಿಬಲಿ ಇಲ್ಲ, ಕುಂಬಳಕಾಯಿಯೇ ಟಗರು. ಮೂರನೆಯದು ಒಡೆದು ಕೆಂಪು ನೀರು ಬಂತು. ಯಜಮಾನರು ಬೆರಳು ಅದ್ದಿ ಕಿವಿಗೆ ಹಚ್ಚಿದರು, ಕೈಗೆ ಹಚ್ಚಿದರು. ಕಾಲಿಗೆ ಬಗ್ಗಲು ಅವರ ಮಂಡಿ ಒಪ್ಪಲಿಲ್ಲ. ಭಾವನಿಗೆ ಕಾಲು ಎತ್ತಲು ಹೊಟ್ಟೆ ಬಿಡಲಿಲ್ಲ. ಕೊನೆಗೆ ನಾಲ್ಕು ಜನ ಸೇರಿ ಭಾವನನ್ನು ಮೇಜಿನ ಮೇಲೆ ಹತ್ತಿಸಿ ಕಾಲ ಹೆಬ್ಬೆರಳನ್ನು ಯಜಮಾನರ ಕೈಗೆ ಎಟುಕುವಂತೆ ತಂದರು.

ಕೊನೆಗೆ ರೊಟ್ಟಿಯ ಬುಟ್ಟಿಯನ್ನು ಅವನ ಕೈಗಿಟ್ಟು ದೇವಿಯ ಮುಂದೆ ಆಡಿಸಬೇಕು ಎಂದೆ.

"ಹೆಂಗೆ ಆಡಿಸೋದು? ಮೇಲೆ ಕೆಳಗಾ, ಆಚೆ ಈಚೆಯಾ?"

"ಎರಡೂ," ಎಂದೆ, ಒಂದಾದರೂ ಸರಿಯಿರಲಿ ಎಂದು.

ಭಾವ ಮೇಜಿನ ಮೇಲೆ ನಿಂತೇ ಅಕ್ಕಿ ಕೇರುವವನಂತೆ ಆಡಿಸಿದ. ಎಣ್ಣೆ ಸವರಿದ ತೆಳ್ಳಗಿನ ರೊಟ್ಟಿಗಳು ಹಾರಿದವು. ಒಂದು ಯಜಮಾನರ ಹೆಗಲಿಗೆ ಅಂಟಿಕೊಂಡಿತು. ಅದು ಪ್ರಸಾದವೋ ಅಪಚಾರವೋ ತಿಳಿಯದೆ ಅವರು ಶಾಸ್ತ್ರ ಮುಗಿಯುವವರೆಗೆ ಅದನ್ನು ತೆಗೆಯಲಿಲ್ಲ. ಹೊರಡುವಾಗ ಭಾವನಿಗೆ ಒಂದೇ ಮಾತು ಹೇಳಿದರು: "ಎಂಟನೇ ದಿನ ದೀಪ ಹಚ್ಚೋವಾಗ ನೋಡೋಣ."

ಭಾವ ಗುಡಿಯ ಜಗಲಿಯಲ್ಲಿ ಕೂತ. ಲೂಮ್ ಶೆಡ್ಡು ಮೂರು ಮನೆ ಆಚೆ. ಅಕ್ಕ ಒಬ್ಬಳೇ ಹನ್ನೆರಡು ಲೂಮ್ ನೋಡಿಕೊಂಡಳು. ಅವನು ಜಗಲಿಯಿಂದಲೇ ಸದ್ದು ಕೇಳಿ "ಐದನೇದರ ಲಾಳಿ ತಡೀತದೆ" ಎಂದು ಕೂಗುತ್ತಿದ್ದ. ಹುಳಿ ಹಿಟ್ಟು ಕೂಡದು ಎಂದಿದ್ದೆನಲ್ಲ, ಅದನ್ನು ಮನೆಯವರು ಏಳು ದಿನಕ್ಕೂ ಹಿಗ್ಗಿಸಿಕೊಂಡಿದ್ದರು. ಹೊತ್ತಿಗೆ ಎಂಟು ಇಡ್ಲಿ ತಿನ್ನುವವನಿಗೆ ದಿನವೂ ಬರೀ ರೊಟ್ಟಿ. ಅಕ್ಕ ಫೋನ್ ಮಾಡಿದಳು.

"ಏಳು ದಿನ ಅಂತ ಹೇಳಿದ್ದು ನೀನೇ ತಾನೆ? ಮೂರು ಅಂದಿದ್ರೆ ನಿನ್ನ ಬಾಯಿ ಬಿದ್ದೋಗ್ತಿತ್ತಾ?"

"ಇದ್ದದ್ದು ಏಳೇ ಅಕ್ಕ. ನೆನಪಿದೆ."

"ನೆನಪು. ತೊಟ್ಟಿಗೆ ಬಿದ್ದವನ ನೆನಪು."

ಆ ಮಾತು ನನ್ನನ್ನು ಕೊರೆಯಿತು. ಆರನೆಯ ದಿನ ಬೆಳಿಗ್ಗೆ ಅಟ್ಟದ ಮೇಲಿನ ಪೆಟ್ಟಿಗೆಯಿಂದ ಮೈಸೂರಿನ ನೋಟ್ ಪುಸ್ತಕಗಳನ್ನು ಇಳಿಸಿದೆ. ಯಾಕೆ ಇಳಿಸಿದೆನೋ, ಒಳಮನಸ್ಸಿಗೆ ಗೊತ್ತಿತ್ತೋ ಏನೋ. ಮೂರನೆಯ ಪುಸ್ತಕದಲ್ಲಿ, ಯೆಹೂದ್ಯರ ಧರ್ಮಗ್ರಂಥ ತೋರಾದಲ್ಲಿ ಬರುವ ಪುರೋಹಿತರ ಪಟ್ಟದ ಬಗ್ಗೆ, ನನ್ನದೇ ಅಕ್ಷರದಲ್ಲಿ ಎಲ್ಲವೂ ಇತ್ತು. ಸ್ನಾನ, ಬಟ್ಟೆ, ಪೇಟ, ಎಣ್ಣೆ. ಒಂದು ಹೋರಿ, ಎರಡು ಟಗರು. ಎರಡನೆಯ ಟಗರಿನ ರಕ್ತ ಬಲಗಿವಿಯ ತುದಿಗೆ, ಬಲಗೈ ಹೆಬ್ಬೆರಳಿಗೆ, ಬಲಗಾಲ ಹೆಬ್ಬೆರಳಿಗೆ. ಹುಳಿಯಿಲ್ಲದ ಮೂರು ಬಗೆಯ ರೊಟ್ಟಿ. ದೇವರ ಗುಡಾರದ ಬಾಗಿಲಲ್ಲಿ ಏಳು ದಿನ.

ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದೆ: "ನಮ್ಮೂರಲ್ಲೂ ಹೀಗೆಯೇ?"

ಆ ಪ್ರಶ್ನೆಚಿಹ್ನೆಯನ್ನು ಬಹಳ ಹೊತ್ತು ನೋಡಿದೆ. ಊರಲ್ಲಿ ಕಂಡದ್ದು ಓದುವಾಗ ನೆನಪಾಗಿ ಹಾಗೆ ಬರೆದೆನೋ? ಅಥವಾ ಊರಲ್ಲೇನಾದರೂ ಹೀಗಿರಬಹುದೇ ಎಂದು ಸುಮ್ಮನೆ ಊಹಿಸಿ, ಆ ಊಹೆಯೇ ಮುಂದೆ ನೆನಪಾಗಿ ಬೆಳೆಯಿತೋ? ಅದನ್ನು ಬರೆದ ಇಪ್ಪತ್ತೆರಡು ವರ್ಷದ ಹುಡುಗನನ್ನು ಕೇಳೋಣವೆಂದರೆ ಅವನು ಎಲ್ಲಿದ್ದಾನೆ?

ಪುಟ ತಿರುಗಿಸಿದೆ. ಎಂಟನೆಯ ದಿನ ಪೂಜೆ ಆರಂಭವಾದ ಮೇಲೆ ಹಾಗೆ ಪಟ್ಟ ಕಟ್ಟಿಸಿಕೊಂಡ ಮೊದಲ ಪುರೋಹಿತನ ಇಬ್ಬರು ಮಕ್ಕಳು ಧೂಪದ ಪಾತ್ರೆಯಲ್ಲಿ ಎಲ್ಲಿಂದಲೋ ತಂದ ಬೆಂಕಿ ಹಾಕಿಕೊಂಡು ಬಂದರು; ದೇವರ ಸನ್ನಿಧಿಯಿಂದ ಬೆಂಕಿ ಎದ್ದು ಇಬ್ಬರೂ ಸತ್ತರು, ಎಂದಿತ್ತು. ಭಾವನಿಗೂ ಇಬ್ಬರು ಗಂಡುಮಕ್ಕಳು. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿದ್ದಾರೆ. ನಾನು ಪುಸ್ತಕ ಮುಚ್ಚಿ ಬಸ್ಸು ಹತ್ತಿದೆ.

ಜಗಲಿಯಲ್ಲಿ ಭಾವನ ಪಕ್ಕ ಕೂತು, ನೋಟ್ ಪುಸ್ತಕ ತೋರಿಸಿ, ಎಲ್ಲ ಹೇಳಿದೆ. ಅವನಿಗೆ ಕನ್ನಡ ಓದಲು ಬಾರದು. ಆದರೂ ಪುಟವನ್ನು ಹತ್ತಿರ ಹಿಡಿದು ನೋಡಿದ. ಬಲಗಿವಿಯಲ್ಲಿ ಕೆಂಪು ಇನ್ನೂ ಹೋಗಿರಲಿಲ್ಲ.

"ಅಂದ್ರೆ ನಂಗೆ ಕಟ್ಟಿದ್ದು ಬೇರೆ ಯಾರ್ದೋ ಪಟ್ಟ."

"ಇರಬಹುದು. ಇಲ್ಲದೆಯೂ ಇರಬಹುದು."

"ಒಳ್ಳೆ ವಾತ್ಯಾರು. ಆ ಮನುಷ್ಯ ಹೆಂಗಿದ್ದ? ದೊಡ್ಡ ಭಕ್ತನಾ?"

"ಅವನ ತಮ್ಮ ಬೆಟ್ಟದ ಮೇಲೆ ದೇವರ ಹತ್ತಿರ ಮಾತಾಡ್ತಿದ್ದಾಗ ಇವನು ಕೆಳಗಿದ್ದ. ಜನ ಹಠ ಮಾಡಿದರು ಅಂತ ಬಂಗಾರದ ಕರು ಮಾಡಿ ನಿಲ್ಲಿಸಿಬಿಟ್ಟ. ಜನ ಅದಕ್ಕೇ ಕೈಮುಗಿದರು."

ಭಾವ ನನ್ನನ್ನು ದಿಟ್ಟಿಸಿದ. "ಬಂಗಾರದ್ದಾ?"

"ಹೂಂ."

"ಬಣ್ಣ ಅಲ್ಲ, ಬಂಗಾರವೇ?"

"ಬಂಗಾರವೇ."

"ಪಟ್ಟ ಸಿಕ್ಕಿದ್ದು ಅದಕ್ಕೆ ಮುಂಚೆಯಾ, ಆಮೇಲಾ?"

"ಆಮೇಲೆ. ತಮ್ಮನೇ ಕಟ್ಟಿದ."

ಭಾವನ ಹೊಟ್ಟೆ ಮೊದಲು ಅಲುಗಿತು, ಆಮೇಲೆ ನಗು ಹೊರಬಂತು. ಅಪ್ಪ ಹೋದ ಮೇಲೆ ಅವನು ಹಾಗೆ ನಕ್ಕದ್ದು ಅದೇ ಮೊದಲು. ಕಣ್ಣೊರೆಸಿಕೊಂಡು, "ಹಂಗಾದ್ರೆ ನಂಗೆ ಸರಿಯಾದದ್ದನ್ನೇ ಕಟ್ಟಿದೀಯ," ಎಂದ. ಸ್ವಲ್ಪ ಹೊತ್ತಿನ ಮೇಲೆ ಗಂಭೀರನಾದ. "ಆದ್ರೂ ದೀಪ ಮುಟ್ಟೋ ಮುಂಚೆ ಯಜಮಾನ್ರಿಗೆ ಎಲ್ಲಾರ ಎದುರು ಹೇಳಿಬಿಡು. ಅವರು ಬ್ಯಾಡ ಅಂದ್ರೆ ಬ್ಯಾಡ. ಕದ್ದು ಕೂತೆ ಅಂತ ಆಗಬಾರ್ದು, ಅಪ್ಪನ ಜಾಗ." ಆಮೇಲೆ ಕೇಳಿದ: "ಅವರ ಸಂಸಾರ ಎಲ್ಲ ಚೆನ್ನಾಗಿತ್ತಾ?"

"ಚೆನ್ನಾಗಿತ್ತು," ಎಂದೆ. ತಪ್ಪೊಪ್ಪಿಕೊಳ್ಳಲು ಹೋದವನು ಒಂದು ಸುಳ್ಳು ಹೇಳಿ ಬಂದೆ.

ಎಂಟನೆಯ ದಿನ ಬೆಳಿಗ್ಗೆ ನಾನು ಗರ್ಭಗುಡಿಯ ಪಕ್ಕದಲ್ಲಿ ನಿಂತಿದ್ದೆ, ಕೈಯಲ್ಲಿ ಒಂದು ಬಕೆಟ್ಟು ನೀರು. ನನಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ. ಆದರೆ ಬಕೆಟ್ಟು ಹಿಡಿಯಲು ನಂಬಿಕೆ ಬೇಕಿಲ್ಲ. ಬೀದಿಯವರೆಲ್ಲ ಸೇರಿದ್ದರು. ನಾನು ಗಂಟಲು ಸರಿಮಾಡಿಕೊಂಡು "ಯಜಮಾನ್ರೇ" ಎನ್ನುವಷ್ಟರಲ್ಲಿ ಭಾವನ ಮಕ್ಕಳಿಬ್ಬರೂ ಸಾಂಬ್ರಾಣಿಯ ಪಾತ್ರೆ ಹಿಡಿದು ಒಳಗೆ ಬಂದರು. ದೊಡ್ಡವನ ಕೈಯಲ್ಲಿ ಅಡುಗೆಮನೆಯ ಗ್ಯಾಸ್ ಲೈಟರ್ ಇತ್ತು.

ನಾನು ಹಾರಿಹೋಗಿ ಅದನ್ನು ಕಿತ್ತುಕೊಂಡೆ. ಅರ್ಧ ಬಕೆಟ್ಟು ನನ್ನ ಮೇಲೆಯೇ ಚೆಲ್ಲಿತು.

"ಹೊರಗಿನ ಬೆಂಕಿ ಬೇಡ. ಒಳಗಿನ ನಂದಾದೀಪದಿಂದಲೇ ಹಚ್ಚಬೇಕು."

"ಯಾಕೆ ಮಾಮಾ?"

ಎಲ್ಲರೂ ನನ್ನ ಒದ್ದೆ ಪಂಚೆಯನ್ನು, ಬಕೆಟ್ಟನ್ನು ನೋಡುತ್ತಿದ್ದರು. ಯಜಮಾನರು ನಿಧಾನವಾಗಿ ತಲೆಯಾಡಿಸಿದರು.

"ಆಮಾ," ಎಂದರು. "ಅವತ್ತೂ ಹಂಗೇ. ಹೊರಗಿನ ಬೆಂಕಿ ಬಿಡಲಿಲ್ಲ. ಒಬ್ರು ಬಕೆಟ್ಟು ಹಿಡ್ಕೊಂಡು ಇಲ್ಲೇ, ಇದೇ ಜಾಗದಲ್ಲಿ ನಿಂತಿದ್ರು. ನಾನೇ ನೋಡಿದ್ದೆ."

ಅವರು ಆಗ ಸೇಲಂನಲ್ಲಿದ್ದದ್ದು ಬೀದಿಗೆಲ್ಲ ಗೊತ್ತು. ಭಾವ ಹೊಸಿಲ ಬಳಿಯಿಂದ ನನಗೆ ಕಣ್ಣಲ್ಲೇ ಹೇಳಿದ: ಹೇಳು.

ಹೇಳಿದೆ. "ಯಜಮಾನ್ರೇ, ನಾನು ಅವತ್ತು ಹೇಳಿದ್ದೆಲ್ಲ ಇಲ್ಲಿ ಕಂಡದ್ದಲ್ಲ, ಮೈಸೂರಿನಲ್ಲಿ ಓದಿದ್ದಿರಬಹುದು. ಬೇರೆ ದೇಶದ, ಬೇರೆ ಜನರ ಶಾಸ್ತ್ರ. ಕಿವಿ, ಹೆಬ್ಬೆರಳು, ರೊಟ್ಟಿ, ಎಲ್ಲವೂ. ನನಗೇ ನಿಶ್ಚಯವಿಲ್ಲ."

"ನಿಂಗೆ ಹೆಂಗೆ ನಿಶ್ಚಯ ಇರ್ತದೆ?" ಎಂದರು ಅವರು, ಕರುಣೆಯಿಂದ. "ಸೊಂಟದ ಮೇಲಿದ್ದ ಕೂಸು ನೀನು. ಅಳ್ತಿದ್ದೆ ಬೇರೆ. ಸುಮ್ಮನಿರು. ನೋಡಿದವನು ನಾನಿದೀನಿ."

ಹಾಗೆಂದು ಅವರೇ ಭಾವನ ಮೊಣಕೈ ಹಿಡಿದು ಹೊಸಿಲು ದಾಟಿಸಿದರು. ಭಾವ ನಂದಾದೀಪದಿಂದ ಬತ್ತಿ ಹೊತ್ತಿಸಿಕೊಂಡು, ಅಪ್ಪ ಹಚ್ಚುತ್ತಿದ್ದ ದೀಪ ಹಚ್ಚಿದ. ಮಂಗಳಾರತಿ ಮುಗಿಸಿ ತಟ್ಟೆ ಹಿಡಿದು ಬಂದಾಗ ಯಜಮಾನರೇ ಮೊದಲು ಎರಡೂ ಕೈ ಚಾಚಿ ಕುಂಕುಮ ತೆಗೆದುಕೊಂಡು, "ಪೂಜಾರಪ್ಪಾ, ನೆತ್ತಿ ಮೇಲೆ ಕೈ ಇಡು," ಎಂದರು. ಅತ್ತೆ ಸೆರಗಿನಿಂದ ಮುಖ ಒತ್ತಿಕೊಂಡರು.

ನಾನು ಬಕೆಟ್ಟು ಕೆಳಗಿಡಲು ಹೋದೆ.

"ಇಡಬ್ಯಾಡ," ಎಂದರು ಯಜಮಾನರು, ತಿರುಗಿಯೂ ನೋಡದೆ. "ಅವರು ಕೊನೇವರೆಗೂ ಹಿಡ್ಕೊಂಡೇ ಇದ್ರು."

ಹಿಡಿದುಕೊಂಡು ನಿಂತೆ. ಹಾಗೆ ನಿಂತಾಗ, ನಿಜ ಹೇಳಬೇಕೆಂದರೆ, ತಾತನ ಸೊಂಟದಿಂದ ನಾನು ಅವತ್ತಿನ ಆ ಬಕೆಟ್ಟನ್ನು ನೋಡಿದ್ದು ಮೆಲ್ಲಗೆ ನೆನಪಾಗತೊಡಗಿತು. ಹಿತ್ತಾಳೆಯದು. ಬಾಯಿಯ ಹತ್ತಿರ ಒಂದು ಕಡೆ ನೆಗ್ಗಿತ್ತು.