ದಾನಿಗಳು ಕೊಟ್ಟ ತಣ್ಣನೆಯ ಪೆಟ್ಟಿಗೆ

ಗಂಗಾವತಿಯಲ್ಲಿ ನಮಗೊಬ್ಬ ದಾನಿಗಳಿದ್ದಾರೆ. ಇರುವುದು ಒಬ್ಬರೇ, ಆದರೂ ಬಹುವಚನದಲ್ಲೇ ಹೇಳಬೇಕು, ಏಕವಚನದಲ್ಲಿ ಅವರು ಹಿಡಿಸುವುದಿಲ್ಲ. ಬಸ್ ನಿಲ್ದಾಣದಲ್ಲಿ ಬೆನ್ನು ಒರಗಿಸಿದರೆ ಒರಗುವುದು ಅವರ ಹೆಸರಿಗೆ. ಶಾಲೆಯ ಗೇಟು ತೆರೆದರೆ ಅವರ ಹೆಸರು ಎರಡು ಹೋಳಾಗುತ್ತದೆ, ಮುಚ್ಚಿದರೆ ಕೂಡಿಕೊಳ್ಳುತ್ತದೆ. ಹನುಮನಹಳ್ಳಿಯಲ್ಲಿ ಬೆಟ್ಟ ಹತ್ತುವವರಿಗೆಂದು ಅವರು ಇಡಿಸಿದ ನೀರಿನ ಟ್ಯಾಂಕಿನ ಮೇಲೆ ಹನುಮಪ್ಪನ ಚಿತ್ರವೂ ಇದೆ, ದಾನಿಗಳ ಚಿತ್ರವೂ ಇದೆ. ಯಾರು ಯಾರಿಗೆ ಕೈಮುಗಿದಿದ್ದಾರೆ ಎಂಬುದು ಮಾತ್ರ ಸ್ಪಷ್ಟವಿಲ್ಲ. ಹೆಸರು ಕೆತ್ತಿಸುವ ಕಲ್ಲು ಕುಷ್ಟಗಿ ಕಡೆಯಿಂದ ಬರುತ್ತದೆ. ಕೆಲವು ಸಲ ಕಲ್ಲು ಮೊದಲು ಬಂದು, ದಾನ ಆಮೇಲೆ ಬರುವುದುಂಟು.

ಅವರು ಹುಟ್ಟಿದ್ದು ಆಂಧ್ರದ ಕರಾವಳಿಯಲ್ಲಿ. ಕಾಲುವೆ ನೀರು ಹಿಡಿದು ಭತ್ತ ಬೆಳೆಯಲು ಆ ಕಡೆಯಿಂದ ಬಂದ ಕುಟುಂಬಗಳು ನಮ್ಮಲ್ಲಿ ಊರ ಹೊರಗೆ ಕ್ಯಾಂಪು ಕಟ್ಟಿಕೊಂಡವು. ಮರಳಿಯ ಹತ್ತಿರದ ಅಂಥ ಒಂದು ಕ್ಯಾಂಪಿಗೆ ಇವರು ತಾಯಿಯ ಸೊಂಟದ ಮೇಲೆ ಕೂತು ಬಂದರು. ತಂದೆ ಬೇಗ ತೀರಿಹೋದರು. ತಾಯಿ ಮರಳಿಯ ಹೆಂಗಸರ ಸಾಲಿನಲ್ಲಿ ನಿಂತು ಕಂಡವರ ಗದ್ದೆಯಲ್ಲಿ ಸಸಿ ನೆಟ್ಟು ಮಗನನ್ನು ಬೆಳೆಸಿದಳು. ಮಗ ಬೆಳೆದು, ಗದ್ದೆಯಲ್ಲಿ ಭತ್ತಕ್ಕಿಂತ ಗಡಿಕಲ್ಲು ಚೆನ್ನಾಗಿ ಬೆಳೆಯುತ್ತದೆ ಎಂಬುದನ್ನು ಕಂಡುಹಿಡಿದರು. ಮೊದಲು ಗಂಗಾವತಿ, ಆಮೇಲೆ ಕೊಪ್ಪಳ, ಈಗ ಕುಷ್ಟಗಿ, ಯಲಬುರ್ಗಾವರೆಗೂ ಅವರ ಬಡಾವಣೆಗಳಿವೆ. ಮಾವಿನ ತೋಪು ಕಡಿಸಿದಲ್ಲಿ ಬಡಾವಣೆಗೆ ಮಾವಿನ ಹೆಸರಿಡುತ್ತಾರೆ. ಹೋದವರ ನೆನಪು ಉಳಿಯಬೇಕಲ್ಲ.

ನಾನು ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ನಿವೃತ್ತನಾದ ಮೇಲೆ ಅವರದೇ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡೆ. ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ಆರಕ್ಕೆ ಬೀದಿಯ ಮುದುಕರನ್ನೆಲ್ಲ ಎಬ್ಬಿಸಿ ಸಾಲಾಗಿ ನಿಲ್ಲಿಸಿ ಕೈಕಾಲು ಆಡಿಸುತ್ತೇನೆ. ಈ ಕಾರಣಕ್ಕೆ ದಾನಿಗಳು ನನ್ನನ್ನು ಬಡಾವಣೆಯ ಹಿರಿಯರ ಸಂಘಕ್ಕೆ ಕಾರ್ಯದರ್ಶಿ ಮಾಡಿದರು. ಚುನಾವಣೆ ನಡೆಯಲಿಲ್ಲ. ಚಹಾ ನಡೆಯಿತು.

ಒಮ್ಮೆ ಅವರು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಮರಳಿಯ ಕ್ಯಾಂಪಿಗೆ ಕರೆದೊಯ್ದರು. ಗಂಗಾವತಿಯ ಬಂಗಲೆಯಲ್ಲಿ ತಾಯಿಗೆಂದು ಕಟ್ಟಿಸಿದ ಕೋಣೆ ಖಾಲಿ ಇತ್ತು. ಮುದುಕಿ ಹಳೆಯ ಹೆಂಚಿನ ಮನೆ ಬಿಟ್ಟು ಬರಲೊಲ್ಲಳು. ನಾವು ಹೋದಾಗ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ವರ್ಷಗಟ್ಟಲೆ ಬಗ್ಗಿ ಸಸಿ ನೆಟ್ಟ ಬೆನ್ನು ಹಾಗೇ ಬಾಗಿ ನಿಂತುಬಿಟ್ಟಿತ್ತು. ಚಪ್ಪಟೆಯಾಗಿ ಮಲಗಲು ಬರುತ್ತಿರಲಿಲ್ಲ, ರಾತ್ರಿಯೂ ಗೋಡೆಗೆ ಒರಗಿಯೇ ನಿದ್ದೆ. ಮಗ ತಂದುಕೊಟ್ಟ ದುಬಾರಿ ಮಂಚದ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು.

ಪಕ್ಕದಲ್ಲಿ ಮರಳಿಯ ಒಬ್ಬ ಅಜ್ಜಿ ಕೂತಿದ್ದಳು. ಇಬ್ಬರೂ ಪ್ರಾಯದಿಂದ ಒಂದೇ ಸಾಲಿನಲ್ಲಿ ಸಸಿ ನೆಟ್ಟವರು. ದಾನಿಗಳು ತಾಯಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು, ಕಾರಿನಿಂದ ತಮ್ಮ ಬಾಟಲಿ ನೀರು ತರಿಸಿ ಕುಡಿದರು.

ತಾಯಿ ನನಗೆ ಹೇಳಿದಳು: "ನೋಡ್ರಿ ಮಾಸ್ತರ, ಇಂವ ಊರಿಗೆಲ್ಲ ಕೊಡ್ತಾನ. ಯಾರ ಮನಿ ನೀರೂ ಮುಟ್ಟಂಗಿಲ್ಲ. ನಾಳಿ ನಾ ಹೋದ್ರ ಇವನ ಬಾಗಿಲಿಗೆ ಯಾರ್ ಬರ್ತಾರ?"

"ಎಲ್ಲಾರೂ ಬರ್ತಾರ ಅಮ್ಮಾ. ಮಂತ್ರಿಗಳಿಗೂ ಹೇಳ್ತೀನಿ," ಎಂದರು ದಾನಿಗಳು.

"ಹೇಳಿಸ್ಕೊಂಡ್ ಬರೋರು ಬರ್ತಾರ. ಶಾಮಿಯಾನ ಬರ್ತದ, ಕುರ್ಚಿ ಬರ್ತಾವ. ಹೆಗಲು ಎಲ್ಲಿಂದ ತರಿಸ್ತೀ?"

ಮರಳಿಯ ಅಜ್ಜಿ ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ, "ಹೆಗಲಿಗೂ ಬಾಡಿಗಿ ಐತೇನ ನೋಡಸ್ತಾನ ಬಿಡವ್ವ," ಎಂದಳು.

ಹಿಂದಿರುಗುವಾಗ ದಾನಿಗಳು ಬಂದ ಫೋನುಗಳನ್ನೆಲ್ಲ ಕತ್ತರಿಸುತ್ತ ಹೋದರು. ಅವರ ಮಟ್ಟಿಗೆ ಅದು ಅನಾರೋಗ್ಯದ ಲಕ್ಷಣ. ಕೊನೆಗೆ ಹೇಳಿದರು: "ಮಾಸ್ಟಾರು, ಇಷ್ಟು ವರ್ಷ ಆತು, ಯಾರ ಮನ್ಯಾಗ ಸಾವಾದ್ರೂ ನನಗ ಹೇಳಂಗಿಲ್ಲ. ಮದಿವಿ ಕಾರ್ಡು ಮಾತ್ರ ಚೀಲ ತುಂಬ ಬರ್ತಾವು. ಯಾಕ್ರೀ?"

ಸಾವಿಗೆ ಯಾರೂ ಯಾರನ್ನೂ ಕರೆಯುವುದಿಲ್ಲ, ಕಿವಿಗೆ ಬಿದ್ದರೆ ಎದ್ದು ಹೋಗಬೇಕು ಎಂದೆ. ಅವರು ತಲೆಯಾಡಿಸಿದರು. ಅರ್ಥವಾಯಿತು ಅಂದುಕೊಂಡೆ. ಅವರಿಗೆ ಅರ್ಥವಾದದ್ದು ಇಷ್ಟೇ: ಸಾವಿನ ವಿಭಾಗದಲ್ಲಿ ತಾವಿನ್ನೂ ಏನೂ ದಾನ ಮಾಡಿಲ್ಲ.

ಸ್ವಲ್ಪ ದಿನಕ್ಕೆ ಪೆಟ್ಟಿಗೆ ಬಂತು. ಹೆಣ ಕೆಡದಂತೆ ಇಡುವ, ಕರೆಂಟಿನಿಂದ ತಣ್ಣಗಾಗುವ, ಮೇಲೆ ಗಾಜಿನ ಮುಚ್ಚಳವಿರುವ ಉದ್ದನೆಯ ಪೆಟ್ಟಿಗೆ. ಎರಡೂ ಬದಿಗೆ ದಾನಿಗಳ ಹೆಸರು, ತಲೆಯ ಕಡೆ ನಗುಮುಖದ ಚಿತ್ರ. ಒಬ್ಬ ಮುಖಂಡರು ರಿಬ್ಬನ್ ಕತ್ತರಿಸಿ, ಊರಿನ ಜನರೆಲ್ಲ ಇದರ ಸದುಪಯೋಗ ಪಡೆಯಬೇಕೆಂದು ಹಾರೈಸಿದರು. ನಾವು ಚಪ್ಪಾಳೆ ತಟ್ಟಿದೆವು. ಕೀಲಿ ನನ್ನ ವಶಕ್ಕೆ ಬಂತು.

ಈಗ ಒಂದು ಮಾತು ಹೇಳಬೇಕು. ನಮ್ಮ ಸಂಘದ ಬಹುಪಾಲು ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಉಸಿರು ನಿಂತೊಡನೆ, ಮೈ ಸೆಟೆಯುವ ಮೊದಲೇ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ವಿಭೂತಿ, ಹೂವು, ಸುತ್ತ ಭಜನೆ. ಕೂತಂತೆಯೇ ಹೊತ್ತು ಒಯ್ದು, ಕೂತಂತೆಯೇ ಮಣ್ಣಿಗೆ ಇಡುತ್ತಾರೆ. ಮಲಗಿಸುವ ಮನೆಗಳೂ ಇವೆ. ಅವರು ಹೊತ್ತು ಮುಳುಗುವುದರೊಳಗೆ ಕೆಲಸ ಮುಗಿಸುತ್ತಾರೆ, ತಣ್ಣಗಿಡುವ ಮಾತೇ ಇಲ್ಲ. ಇದು ಚಪ್ಪಾಳೆ ತಟ್ಟಿದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಆದರೆ ಕೊಡುವವರಿಗೆ ಬುದ್ಧಿ ಹೇಳುವ ಪದ್ಧತಿ ನಮ್ಮ ಕಡೆ ಇಲ್ಲ. ಸಂಘದ ಖಜಾಂಚಿ ನನ್ನ ಕಿವಿಯಲ್ಲಿ, "ಇರ್ಲಿ ಬಿಡ್ರಿ ಸರ್, ಬ್ಯಾಸಗ್ಯಾಗ ಕಲ್ಲಂಗಡಿ ಇಡಾಕ ಬರ್ತೈತಿ," ಎಂದರು. ದಾನಿಗಳಿಗೆ ಮಾತ್ರ ಗೊತ್ತಿರಲಿಲ್ಲ. ಬೆಳೆದದ್ದು ಊರ ಹೊರಗಿನ ಕ್ಯಾಂಪಿನಲ್ಲಿ, ಆಮೇಲೆ ಓಡಾಡಿದ್ದೆಲ್ಲ ಕಾರಿನಲ್ಲಿ. ಕೂತ ಹೆಣದ ಮೆರವಣಿಗೆಗಳು ರಸ್ತೆಯಲ್ಲಿ ಎದುರಾದಾಗ ಅವರ ಕಾರಿನ ಗಾಜು ಮೇಲಿರುತ್ತಿತ್ತು, ಫೋನು ಕಿವಿಯಲ್ಲಿರುತ್ತಿತ್ತು.

ನಾನು ಸೋಮವಾರಕ್ಕೊಮ್ಮೆ ಪೆಟ್ಟಿಗೆ ಒರೆಸುತ್ತಿದ್ದೆ. ಊರಿನಲ್ಲಿ ಜನ ಎಂದಿನಂತೆ ಸಾಯುತ್ತಿದ್ದರು. ಪೆಟ್ಟಿಗೆಯನ್ನು ಕೇಳಿದವರಿಲ್ಲ.

ಆಮೇಲೆ ನಮ್ಮ ಬೀದಿಯ ನಿವೃತ್ತ ಕಂಡಕ್ಟರ್ ತೀರಿಕೊಂಡರು. ದಾನಿಗಳಿಗೆ ಯಾರಿಂದಲೋ ತಿಳಿಯಿತು. ಕರೆಯದೆ ಹೋಗಬೇಕೆಂಬ ನನ್ನ ಪಾಠ ಅವರಿಗೆ ನೆನಪಿತ್ತು. ನನ್ನಿಂದ ಕೀಲಿ ತೆಗೆಸಿ, ಪೆಟ್ಟಿಗೆಯನ್ನು ಸಣ್ಣ ಲಾರಿಯಲ್ಲಿ ಹೇರಿಸಿಕೊಂಡು ಅದರ ಹಿಂದೆಯೇ ಬಂದರು. ಕಂಡಕ್ಟರ್ ಆಗಲೇ ಪಡಸಾಲೆಯಲ್ಲಿ ರುಮಾಲು ಸುತ್ತಿಸಿಕೊಂಡು ಗಂಭೀರವಾಗಿ ಕೂತಿದ್ದರು. ಯಲಬುರ್ಗಾದಿಂದ ಬಂದಿದ್ದ ಅವರ ಅಕ್ಕ ಬಾಗಿಲಲ್ಲೇ ಪೆಟ್ಟಿಗೆಯನ್ನು ತಡೆದಳು.

"ಏನ್ರಿ ಇದು?"

"ಉಚಿತ ಸೇವೆ ತಾಯಿ. ಇದ್ರಾಗ ಮಲಗಿಸ್ರಿ, ಎರಡು ದಿನ ಆದ್ರೂ ಏನೂ ಆಗಂಗಿಲ್ಲ."

"ಕುಂತಾನ ನನ ತಮ್ಮ. ಕಾಣಂಗಿಲ್ಲೇನ್ರಿ?"

"ಅದಕ್ಕ ಹೇಳಿದೆ ತಾಯಿ, ಸ್ವಲ್ಪ ಮಲಗಿಸಿದ್ರ..."

"ಹುಟ್ಟಿದಾಗಿಂದ ಬಸ್ಸಿನ್ಯಾಗ ನಿಂತ ಜೀವ ಅದು. ಈಗರ ಕುಂದ್ರೂ ಹೊತ್ತು ಬಂದೈತಿ. ಎಬಸಾಕ ಬಂದೀರೇನು?"

ಭಜನೆಯವರ ತಾಳ ತಪ್ಪಿತು. ನಗಬಾರದ ಜಾಗದಲ್ಲಿ ಬರುವ ನಗು ಬಹಳ ಕಷ್ಟದ್ದು. ದಾನಿಗಳು ಹೊರಗೆ ಬಂದು ನನ್ನ ಕೈ ಹಿಡಿದು ಕೇಳಿದರು: "ಕುಂದ್ರಿಸಾಕ ಬರೂವಂಥದ್ದು ಮಾಡಿಸಿದ್ರ ಹೆಂಗ ಮಾಸ್ಟಾರು? ಕೂಲ್‌ಡ್ರಿಂಕ್ಸ್ ಅಂಗಡ್ಯಾಗ ನಿಂತಿರ್ತದಲ್ಲ, ಗಾಜಿನ ಬಾಗಲದ್ದು, ಆ ನಮೂನಿ?"

ಮನುಷ್ಯ ಸೋಲುವುದೇ ಇಲ್ಲ ಎಂಬುದಕ್ಕೆ ನನಗೆ ಬೇರೆ ಉದಾಹರಣೆ ಬೇಕಿಲ್ಲ. "ಬ್ಯಾಡ್ರಿ, ನೀವು ಒಳಗ ಹೋಗಿ ನೆಲದ ಮ್ಯಾಲ ಸುಮ್ನ ಕುಂದರ್ರಿ ಸಾಕು," ಎಂದೆ. ಬಿಳಿ ಪ್ಯಾಂಟು ಮಣ್ಣಾಗುತ್ತದೆಂದೋ ಏನೋ, ಕಾರಿನ ಕಡೆ ನಡೆದರು. ಆದರೆ ಕಾರು ಹತ್ತುವ ಮುನ್ನ ನಿಂತು ತಿರುಗಿ ನೋಡಿದರು. ಕಂಡಕ್ಟರನ ಮನೆ ಮುಂದೆ ಕಾಲಿಡಲು ಜಾಗವಿರಲಿಲ್ಲ. ತಳ್ಳುಗಾಡಿಯವರು, ಡ್ರೈವರುಗಳು, ಬೀದಿಯ ಹೆಂಗಸರು ರೊಟ್ಟಿ ಗಂಟು ಹಿಡಿದು ಬರುತ್ತಲೇ ಇದ್ದರು.

"ಇಂವ ಊರಿಗೆ ಏನ್ ಕೊಟ್ಟಿದ್ದ?" ಎಂದು ಕೇಳಿದರು.

"ಚಿಲ್ಲರಿ," ಎಂದೆ.

ಅವರು ನಗಲಿಲ್ಲ. ಅಂದಿನಿಂದ ದಿನ ಬಿಟ್ಟು ದಿನ ಮರಳಿಗೆ ಹೋಗತೊಡಗಿದರು. ತಾಯಿಯ ಉಸಿರು ಆಗಲೇ ಸಣ್ಣದಾಗುತ್ತಿತ್ತು. ಬಂಗಲೆಗೆ ಬಾ ಎಂದು ಬೇಡಿದರು, ಡಾಕ್ಟರನ್ನು ಕರೆತಂದರು. ಹೆಗಲು ಎಲ್ಲಿಂದ ತರಿಸ್ತೀ ಎಂಬ ಅವಳ ಪ್ರಶ್ನೆಯೂ ಅವರನ್ನು ಬಿಟ್ಟಿರಲಿಲ್ಲ. ಸಂಘದ ಮೂಲಕ ಜನ ಸೇರಿಸಲು ಬರುತ್ತದೆಯೇ ಎಂದು ನನ್ನನ್ನೇ ಒಮ್ಮೆ ಕೇಳಿದರು. ಹಾಜರಿ ಕರೆಯಲು ಅದು ಡ್ರಿಲ್ ಅಲ್ಲ ಎಂದೆ.

ಒಂದು ಬೆಳಿಗ್ಗೆ ನಮ್ಮ ಕೈಕಾಲು ಆಡಿಸುವ ಹೊತ್ತಿಗೆ ಅವರ ಫೋನು ಬಂತು. ಯಲಬುರ್ಗಾದ ಹೊಸ ಬಡಾವಣೆಯ ಪೂಜೆಗೆಂದು ಹೋಗಿದ್ದವರು ಅಲ್ಲಿಂದಲೇ ಮಾತಾಡಿದರು. "ಅಮ್ಮ ಹೋದ್ಳು ಮಾಸ್ಟಾರು. ಪೆಟ್ಟಿಗಿ ತಗೊಂಡು ಮರಳಿಗೆ ಹೋಗ್ರಿ. ನಾ ಬರೂ ತನಕ..."

ಮುದುಕರ ಸಾಲನ್ನು ಅಲ್ಲೇ ಚದುರಿಸಿ, ಪೆಟ್ಟಿಗೆಯನ್ನು ಸಣ್ಣ ಲಾರಿಗೆ ಹೇರಿಸಿಕೊಂಡು ಹೊರಟೆ. ಅವರ ಕಡೆಯವರು ಸತ್ತವರನ್ನು ಮಲಗಿಸಿ ಸುಡುತ್ತಾರೆ. ಹಾಗಾಗಿ ಕೊನೆಗೂ ಪೆಟ್ಟಿಗೆ ತನ್ನ ಸರಿಯಾದ ಮನೆಗೆ ಹೋಗುತ್ತಿದೆ ಎಂದುಕೊಂಡೆ. ಕ್ಯಾಂಪಿಗೆ ಬಂದು ನೋಡಿದರೆ ಶಾಮಿಯಾನ ನನಗಿಂತ ಮೊದಲೇ ಬಂದಿತ್ತು. ದಾನಿಗಳ ಆಫೀಸಿನವರು ಕುರ್ಚಿ ಸಾಲುಗಳನ್ನು ಬಹಳ ನೇರವಾಗಿ ಹಾಕಿದ್ದರು. ಒಬ್ಬರೂ ಕೂತಿರಲಿಲ್ಲ. ಜನ ಒಳಗಿದ್ದರು. ಮರಳಿಯ ಹೆಂಗಸರು, ಕ್ಯಾಂಪಿನ ಹೆಂಗಸರು, ಗದ್ದೆಯಿಂದ ಕೆಸರುಗಾಲಲ್ಲೇ ಬಂದ ಗಂಡಸರು, ಎಲ್ಲ ನೆಲದ ಮೇಲೆ. ನಡುವೆ ತಾಯಿ ಗೋಡೆಗೆ ಒರಗಿ ಕೂತಿದ್ದಳು. ಹಣೆಗೆ ವಿಭೂತಿ, ಕೊರಳಿಗೆ ಚೆಂಡು ಹೂವಿನ ಮಾಲೆ. ಮರಳಿಯ ಭಜನೆಯವರು ಹಾಡುತ್ತಿದ್ದರು, ಮಧ್ಯೆ ಕ್ಯಾಂಪಿನವರು ತೆಲುಗಿನಲ್ಲಿ ಸೇರಿಸುತ್ತಿದ್ದರು.

ಮರಳಿಯ ಅಜ್ಜಿ ನನ್ನನ್ನೂ ನನ್ನ ಹಿಂದಿದ್ದ ಪೆಟ್ಟಿಗೆಯನ್ನೂ ನೋಡಿ, "ಅದನ್ನ ಹೊರಗ ಇಡ್ರಿ ಮಾಸ್ತರ, ಜನ ಕುಂದ್ರಾಕ ಜಾಗಿಲ್ಲ," ಎಂದಳು.

ದಾನಿಗಳು ಬಂದಾಗ ಹೊತ್ತೇರಿತ್ತು. ಹಾರ ಹಿಡಿದ ಮುಖಂಡರು ಶಾಮಿಯಾನದಲ್ಲಿ ಅವರನ್ನು ಸುತ್ತಿಕೊಂಡರು. ಅವರು ಯಾರನ್ನೂ ನೋಡದೆ ಒಳಗೆ ಬಂದು, ಬಾಗಿಲಲ್ಲೇ ನಿಂತುಬಿಟ್ಟರು. ಮೊದಲು ತಾಯಿಯನ್ನು ನೋಡಿದರು. ಆಮೇಲೆ ಅಷ್ಟು ಜನರನ್ನು ನೋಡಿದರು. ಒಬ್ಬರಿಗೂ ತಾವು ಹೇಳಿ ಕಳಿಸಿರಲಿಲ್ಲ.

"ಯಾರ್ ಕುಂದ್ರಿಸಿದ್ರು?" ಎಂದು ಕೇಳಿದರು. ದನಿ ಸಣ್ಣಗಿತ್ತು. "ನಮ್ಮಲ್ಲಿ ಹಿಂಗಲ್ಲ..."

"ನಾವ್ಯಾರೂ ಕುಂದ್ರಿಸಿಲ್ಲಪ್ಪ," ಎಂದಳು ಅಜ್ಜಿ. "ಗ್ವಾಡಿಗೆ ಒರಗಿ ಕುಂತಾಕಿ ಹಂಗ ಹೋಗ್ಯಾಳ. ಮಕ್ಕೊಳ್ಳಾಕ ಬರ್ತಿತ್ತೇನ ನಿಮ್ಮವ್ವಗ? ಸತ್ತ ಮ್ಯಾಲ ಬೆನ್ನು ಮುರುದು ಮಲಗಸ್ಲೇನ? ಇಗಾ, ಈಗ ಸೆಟದಾಳ. ಇನ್ನ ನಿನ್ನ ಪೆಟಿಗ್ಯಾಗೂ ಹಿಡ್ಯಾಂಗಿಲ್ಲ, ನಿಮ್ಮ ಕಟಗಿ ಮ್ಯಾಲೂ ಹಿಡ್ಯಾಂಗಿಲ್ಲ."

ಕ್ಯಾಂಪಿನ ಒಬ್ಬ ಹಿರಿಯರು ತೆಲುಗಿನಲ್ಲಿ ಏನೋ ಆಕ್ಷೇಪಿಸಿದರು. ಸಂಪ್ರದಾಯದ ಮಾತು. ದಾನಿಗಳು ಅವರ ಕಡೆ ತಿರುಗಲಿಲ್ಲ. "ಮತ್ತ ಎಲ್ಲಿ ಇಡೂದು?" ಎಂದರು. ಕೊಪ್ಪಳದಿಂದ ಯಲಬುರ್ಗಾವರೆಗೆ ಭೂಮಿ ಅಳೆದು ಕೊಟ್ಟವರಿಗೆ ತಾಯಿಯನ್ನು ಕೂರಿಸುವಷ್ಟು ಜಾಗ ಹೊಳೆಯಲಿಲ್ಲ. ಅವರ ನೆಲವೆಲ್ಲ ಸೈಟಾಗಿತ್ತು, ಸೈಟಿಗೆಲ್ಲ ನಂಬರಾಗಿತ್ತು.

"ನಮ್ಮ ಹೊಲದಾಗ," ಎಂದಳು ಅಜ್ಜಿ. "ನಮ್ಮತ್ತಿ, ಮಾವ ಅಲ್ಲೇ ಅದಾರ. ಬಾಜೂಕ ನನಗಂತ ಒಂದೀಟ ಜಾಗ ಹಿಡದಿದ್ದೆ. ಅಕಿ ಮುಂದ ಹೋದ್ಳು, ಅಕಿನ ಕುಂದರ್ಲಿ."

"ಏನ್ ಕೊಡ್ಲಿ ಅವ್ವಾ? ಬೆಲಿ ಹೇಳ್ರಿ. ಇವತ್ತ ರಿಜಿಸ್ಟರ್ ಮಾಡಿಸ್ತೀನಿ."

ಭಜನೆ ನಿಂತಿತು. ಅಜ್ಜಿ ಸೊಂಟ ಹಿಡಿದುಕೊಂಡು ಎದ್ದಳು. ಬಡಿಯುತ್ತಾಳೆಂದೇ ನಾನು ತಿಳಿದೆ.

"ಏ ಹುಚ್ಚಪ್ಪಾ, ಮಾರಿದ್ರ ಅದು ಸೈಟ್ ಆಗ್ತೈತಿ. ನಿಮ್ಮವ್ವ ಸೈಟ್ನ್ಯಾಗ ಕುಂದ್ರಂಗಿಲ್ಲ. ಮಾತ ಸಾಕು, ಸಲಿಕಿ ಹಿಡದು ನಡಿ. ಗುಂಡಿಗೆ ಮೊದಲ ಪೆಟ್ಟು ಮಗಂದು."

ಅವರು ನನ್ನನ್ನು ನೋಡಿದರು. ಮೊದಲ ಸಲ ಮೈದಾನಕ್ಕೆ ಬಂದ ಹುಡುಗರು ಹೀಗೆ ನೋಡುತ್ತಿದ್ದರು, ಯಾವ ಕಾಲು ಮುಂದಿಡಬೇಕು ಎಂದು. ನಾನು ಚಪ್ಪಲಿ ಬಿಡಿ ಎಂದು ಸನ್ನೆ ಮಾಡಿದೆ. ಬಿಟ್ಟರು. ಹೊಲಕ್ಕೆ ಹೋಗಿ ತೋಡಿದರು. ಸಲಿಕೆ ಹಿಡಿಯುವ ರೀತಿ ಮರೆತುಹೋಗಿತ್ತು, ಮರಳಿಯವರು ನಾಚಿಕೆಯಿಲ್ಲದೆ ತಿದ್ದಿದರು. ಹೊರುವ ಹೊತ್ತಿಗೆ ಹೆಗಲುಗಳು ಎಷ್ಟಾದವೆಂದರೆ ಅವರಿಗೇ ಜಾಗ ಸಿಗಲಿಲ್ಲ. ಯಾರೋ ಪಕ್ಕಕ್ಕೆ ಸರಿದು, "ಬಾ ಇಲ್ಲೆ ಹಿಡಿ," ಎಂದು ಒಳಗೆ ಎಳೆದುಕೊಂಡರು. ಮುಖಂಡರು ಗದ್ದೆಯ ಬದುವಿನವರೆಗೆ ಬಂದು, ಬೂಟು ನೋಡಿಕೊಂಡು, ಅಲ್ಲಿಂದಲೇ ಶ್ರದ್ಧಾಂಜಲಿ ಅರ್ಪಿಸಿದರು.

ಮನುಷ್ಯ ಪೂರ್ತಿ ಬದಲಾದರು ಎಂದು ಬರೆದರೆ ಸುಳ್ಳಾಗುತ್ತದೆ. ಮುಂದಿನ ವಾರವೇ ಕೊಪ್ಪಳದ ರಸ್ತೆಯಲ್ಲಿ ಅವರ ಹೆಸರಿನ ಹೊಸ ಕಮಾನು ಎದ್ದಿತು. ಆ ಹೊಲದಲ್ಲಿ ಮಾತ್ರ ಕಲ್ಲು ನೆಡಲು ಅಜ್ಜಿ ಬಿಡಲಿಲ್ಲ. ತಾಯಿಯನ್ನು ಇಟ್ಟ ಜಾಗದ ಸುತ್ತ ಭತ್ತ ನೆಟ್ಟಿದ್ದಾರೆ.

ಮೊನ್ನೆ ಮರಳಿಯಲ್ಲಿ ಅಜ್ಜಿಯ ಮೈದುನ ತೀರಿಕೊಂಡ. ನಾನು ಹೋಗಿ ಕೂತಿದ್ದೆ. ಬಹಳ ಹೊತ್ತಿನ ಮೇಲೆ ದಾನಿಗಳು ಬಂದರು, ಕಾರನ್ನು ಊರ ಹೊರಗೆ ಬಿಟ್ಟು, ಬೆವರುತ್ತ, ಬರಿಗೈಯಲ್ಲಿ.

ಅಜ್ಜಿ ಅಳು ನಿಲ್ಲಿಸಿ, "ಈಗ ಬಂದ್ಯಾ? ಗುಂಡಿ ತೋಡೂ ಹೊತ್ತಿಗೆ ಬರಬೇಕಂತ ಗೊತ್ತಾಗಂಗಿಲ್ಲೇನ ನಿನಗ?" ಎಂದು ಮನೆಯ ಹುಡುಗನಿಗೆ ಬೈದಂತೆ ಎಲ್ಲರೆದುರು ಬೈದಳು.

"ತಪ್ಪಾತವ್ವಾ," ಎಂದು ಅವರು ನನ್ನ ಪಕ್ಕದಲ್ಲಿ ನೆಲಕ್ಕೆ ಕೂತರು. ಮುಖದ ಮೇಲಿನ ಸಂತೋಷವನ್ನು ಸಾವಿನ ಮನೆಯಲ್ಲಿ ಹೇಗೆ ಬಚ್ಚಿಡಬೇಕೋ ಅವರಿಗೆ ತಿಳಿಯಲಿಲ್ಲ. ತಲೆ ತಗ್ಗಿಸಿರಿ ಎಂದು ಮೊಣಕೈಯಿಂದ ತಿವಿದೆ.