ಹುಸೇನಸಾಬನ ಕೊನೆಯ ಸವಾಲು, ಏಜಾಜನ ಬಾರದ ಪೆನ್ ಡ್ರೈವು

ಹಾಂ, ಅದಕ್ಕೇ ಹೇಳುವುದು, ಏಜಾಜ ಹಠಮಾರಿ ಇರಬಹುದು, ದಡ್ಡನಂತೂ ಅಲ್ಲ. ಆಳಂದದ ಬಸ್ ಸ್ಟ್ಯಾಂಡಿನ ಎದುರು ಒಂದು ಝೆರಾಕ್ಸ್ ಮಷಿನ್ನು, ಒಂದು ಹಳೇ ಕಂಪ್ಯೂಟರು ಇಟ್ಟುಕೊಂಡು ಕೂತ ಈ ಮನುಷ್ಯ ಹದಿನಾಲ್ಕು ವರ್ಷ ಒಂದೂ ಮೊಹರಮ್ ತಪ್ಪಿಸದೆ ಕ್ಯಾಮರಾ ಹೊತ್ತು ತಿರುಗಿದ್ದಾನೆ. ಯಾತಕ್ಕೆ? ಇಬ್ಬರ ರಿವಾಯತ್ ಪದ, ಅಂದರೆ ಮೊಹರಮ್ಮಿನ ಹಾಡು, ಹಿಡಿದಿಡಲಿಕ್ಕೆ. ಒಬ್ಬ ಮಟಕಿ ಊರಿನ ಮಲ್ಕಪ್ಪ, ಇನ್ನೊಬ್ಬ ಅಫಜಲಪುರದ ಕಡೆಯ ಅತನೂರಿನ ಹುಸೇನಸಾಬ. ಒಬ್ಬ ಹಾಡಿನಲ್ಲೇ ಸವಾಲು ಹಾಕಿದರೆ ಇನ್ನೊಬ್ಬ ಹಾಡಿನಲ್ಲೇ ಜವಾಬು ಕೊಡಬೇಕು.

ಈ ಜೋಡಿಯದೊಂದು ಕಟ್ಟುಪಾಡಿತ್ತು. ಮೇಳ ಮುಗಿಯುವಾಗ ಕೊನೆಯ ಸವಾಲಿಗೆ ಜವಾಬು ಕೊಡುವಂತಿಲ್ಲ. ಅದನ್ನು ವರ್ಷಪೂರ್ತಿ ಹೊಟ್ಟೆಯಲ್ಲಿಟ್ಟುಕೊಂಡು ಮುಂದಿನ ಮೊಹರಮ್ಮಿಗೆ ಅಲ್ಲಿಂದಲೇ ಶುರು ಮಾಡಬೇಕು. ಹಾಗಾಗಿ ಹದಿನಾಲ್ಕು ವರ್ಷದ ಹಾಡೆಲ್ಲ ಒಂದೇ ಸರಪಳಿ. ಅವರು ಹಾಡುವಾಗ ಬೇರೆ ಯಾರೂ ಮೊಬೈಲ್ ಎತ್ತುವಂತಿಲ್ಲ. ಏಜಾಜನ ಕ್ಯಾಮರಾ ಒಂದಕ್ಕೇ ಪರವಾನಗಿ.

ಕೊನೆಯ ವರ್ಷ ಹುಸೇನಸಾಬ ಐದು ನುಡಿಯ ಒಂದು ಸವಾಲು ಹಾಕಿ ಹೋದ. ಮುಂದಿನ ಮೊಹರಮ್ ಬರುವುದರೊಳಗೆ ತೀರಿಕೊಂಡ.

ಮಲ್ಕಪ್ಪನಿಗೆ ಓದು ಬರಹ ಬಾರದು. ವಯಸ್ಸು ಎಪ್ಪತ್ತು ದಾಟಿದೆ, ಕಂಠ ಬಿದ್ದಿದೆ, ನೆನಪೂ ಮೊದಲಿನಂತಿಲ್ಲ. ಆದರೂ ಪ್ರತಿ ಸಂತೆಯ ದಿನ ಬಸ್ಸು ಹತ್ತಿ ಬಂದು ಏಜಾಜನ ಅಂಗಡಿಯ ಸ್ಟೂಲಿನ ಮೇಲೆ ಕೂತು "ಹಚ್ಚಪಾ" ಅನ್ನುತ್ತಿದ್ದ. ಏಜಾಜ ಕಂಪ್ಯೂಟರಿನಲ್ಲಿ ಆ ಸವಾಲಿನ ಒಂದು ನುಡಿ ಹಚ್ಚುತ್ತಿದ್ದ, ಅದಕ್ಕೆ ಜವಾಬು ಕೂಡುವ ತನಕ ಮುಂದಿನದು ಇಲ್ಲ. ಒಂದು ನುಡಿಗೆ ಜವಾಬು ಕಟ್ಟಲು ಮುದುಕನಿಗೆ ತಿಂಗಳುಗಟ್ಟಲೆ ಬೇಕಾಗುತ್ತಿತ್ತು.

"ಹುಸೇನ ಕೇಳಿ ಹೋಗ್ಯಾನ. ಹೇಳಲಾರದ ನಾ ಹ್ಯಾಂಗ ಹೋಗ್ಲಿ?" ಅನ್ನುತ್ತಿದ್ದ.

ಅಷ್ಟೂ ಹಾಡು ಇದ್ದದ್ದು ಒಂದೇ ಒಂದು ಹಳೇ ಹಾರ್ಡ್ ಡಿಸ್ಕಿನಲ್ಲಿ. ಅಂಥ ತಿರುಗುವ ಡಿಸ್ಕನ್ನು ಇನ್ನೊಂದು ಕೊಳ್ಳಲು ಏಜಾಜ ತಯಾರಿರಲಿಲ್ಲ. ಹಿಂದೆ ಒಂದು ಡಿಸ್ಕು ಸ್ಕೂಟರಿನಿಂದ ಬಿದ್ದು ಯಾರದೋ ಮದುವೆಯೇ ಅಳಿಸಿಹೋಗಿತ್ತು. ಅವನಿಗೆ ಬೇಕಾದದ್ದು ಎಲ್ಲ ಹಿಡಿಸುವ ಒಂದೇ ಪೆನ್ ಡ್ರೈವು. ಹಾಡುಗಳು ಎರಡು ಟಿಬಿ ಮೀರಿದ್ದವು, ಆಳಂದದಲ್ಲಿ ಸಿಗುತ್ತಿದ್ದುದು ಒಂದು ಟಿಬಿಯದು. ದೊಡ್ಡದು ಬರುತ್ತದಂತೆ ಎಂಬ ಸುದ್ದಿ ಮಾತ್ರ ತಿಂಗಳಿಗೊಂದು ಬರುತ್ತಿತ್ತು. ತರುತ್ತಿದ್ದವನು ದಿಲೀಪ, ಕಡಗಂಚಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು.

"ಕಾಕಾ, ನಾಕ್ ಟಿಬಿ ಬರಾಕತ್ತದಂತ್ರಿ! ಫೋಟೋನೂ ಬಿಟ್ಟಾರ. ಉಗುರಿನಷ್ಟ ಅದ."

"ಯಾವಾಗ ಬರ್ತದ?"

"ದೀಪಾವಳಿಗಿ ಅಂತ."

"ಹೋದ ಸಲ ಯುಗಾದಿಗಿ ಅಂದಿದ್ದೆಲ್ಲೋ!"

"ಕಂಪನ್ಯಾವ್ರೇನ್ ನಮ್ಮ ಅತ್ತಿಮನ್ಯಾವ್ರೇನ್ರಿ, ಕೇಳಿ ಹೇಳ್ಲಾಕ?"

ಬುತ್ತಿ ತಂದಿದ್ದ ಏಜಾಜನ ಹೆಂಡತಿ ಜಸ್ಮೀನ ಅಲ್ಲೇ ಇದ್ದಳು. "ನನ್ನ ನೋಡ್ಲಾಕ ಬಂದಾಗ ಒಂದ್ ತಾಸಿನ್ಯಾಗ ಹೂಂ ಅಂದ್ರಿ. ಪೆನ್ ಡ್ರೈವಿಗಿ ಎರಡ್ ವರ್ಷ ಆತು!"

ಎಲ್ಲರೂ ನಕ್ಕರು. ದಿಲೀಪನೇ ಆಮೇಲೆ ಅಂದ, "ನಗೋ ಮಾತಲ್ರಿ ಕಾಕಾ. ಸದ್ಯಕ್ಕ ಸಣ್ಣ ಮೂರ್ ಪೆನ್ ಡ್ರೈವಿನ್ಯಾಗ ಹಂಚಿ ಇಡ್ರಿ. ಇಲ್ಲಾಂದ್ರ ಆ ಸವಾಲ್ ಒಂದರೆ ಫೋನಿನ್ಯಾಗ ಹಾಕ್ರಿ."

ಅವತ್ತು ಸಂತೆ, ಸ್ಟೂಲಿನ ಮೇಲಿದ್ದ ಮಲ್ಕಪ್ಪ ಬಿದ್ದ ಕಂಠದಲ್ಲೇ ಗುಡುಗಿದ. "ಬ್ಯಾಡ! ಸವಾಲ್ ಒಂದ್ರಾಗ, ಜವಾಬ್ ಇನ್ನೊಂದ್ರಾಗ ಹಾಕಿದ್ರ ಜೋಡಿ ಮುರದಂಗ. ಫೋನಿಗಿ ಹಾಕಿದ್ರ ನಾಳಿ ಜೇವರ್ಗಿ ಮಂದಿನೂ ಜವಾಬ್ ಕಟ್ಟಿ ಹಾಡ್ತಾರ. ಅಂವ ಕೇಳಿದ್ದು ನನಗ. ಮಾತ್ ಕೊಡು ಏಜಾಜ."

ಏಜಾಜ ಮುದುಕನ ಕೈ ಹಿಡಿದು ಮಾತು ಕೊಟ್ಟ.

ದೀಪಾವಳಿ ಬಂತು, ಪೆನ್ ಡ್ರೈವು ಬರಲಿಲ್ಲ. ಮಾರ್ಚಿನ ಬಿಸಿಲಿಗೆ ಹಾರ್ಡ್ ಡಿಸ್ಕು ಟಿಕ್ ಟಿಕ್ ಅನ್ನತೊಡಗಿತು. ಆ ಸದ್ದಿನ ಅರ್ಥ ಏಜಾಜನಿಗೆ ಗೊತ್ತಿತ್ತು, ಡಿಸ್ಕು ಇನ್ನು ಹೆಚ್ಚು ದಿನ ಬಾಳುವುದಿಲ್ಲ. ಗಿರಾಕಿಯೊಬ್ಬರಿಗೆಂದು ತಂದಿಟ್ಟಿದ್ದ ಸಣ್ಣ ಪೆನ್ ಡ್ರೈವನ್ನು ಕೈಗೆತ್ತಿಕೊಂಡ. ಆ ಒಂದು ಸವಾಲನ್ನು ಹಾಕಿಕೊಳ್ಳಲು ಐದು ನಿಮಿಷ ಸಾಕಿತ್ತು. ಮುದುಕನಿಗೆ ಕೊಟ್ಟ ಮಾತು ನೆನಪಾಯಿತು. ಆ ವಾರವಷ್ಟೇ ದಿಲೀಪ ತಂದಿದ್ದ ಸುದ್ದಿಯೂ ನೆನಪಾಯಿತು, ಈ ಸಲ ಪಕ್ಕಾ ಅಂತೆ, ಜೂನಿಗಂತೆ. ಪೆನ್ ಡ್ರೈವು ವಾಪಸು ಇಟ್ಟುಬಿಟ್ಟ.

ಮುಂದಿನ ಸಂತೆಗೆ ಮಲ್ಕಪ್ಪ ಖುಷಿಯಿಂದ ಬಂದ. ಮೂರನೇ ನುಡಿಗೂ ಜವಾಬು ಕೂಡಿ ಬಂದಿತ್ತು. "ಹಚ್ಚಪಾ, ಇವತ್ತು ನಾಕನೇದು ಕೇಳ್ತೀನಿ."

ಏಜಾಜ ಹಚ್ಚಿದ. ಡಿಸ್ಕು ತೆರೆಯಲಿಲ್ಲ.

ದಿಲೀಪ ಅದನ್ನು ಹೈದರಾಬಾದಿಗೆ ಒಯ್ದ. ಬಿಚ್ಚಿ ನೋಡಿದವರು ಒಳಗಿನ ತಟ್ಟೆ ಪೂರಾ ಗೀಚಿಹೋಗಿದೆ, ಏನೂ ಬರುವುದಿಲ್ಲ ಎಂದು ಹೇಳಿ ಕಳಿಸಿದರು. ಅದನ್ನು ಮುದುಕನಿಗೆ ತಿಳಿಸುವಾಗ ಏಜಾಜ ತಲೆ ಎತ್ತಲಿಲ್ಲ.

ಮಲ್ಕಪ್ಪ ಬಯ್ಯುತ್ತಾನೆ ಅಂದುಕೊಂಡಿದ್ದ. ಮುದುಕ ಕೇಳಿದ್ದು ಇಷ್ಟೇ. "ಅವತ್ತು ಮೇಳದಾಗ ನೀನೂ ನಿಂತು ಕೇಳೀದಿ. ನಾಕನೇ ನುಡಿ ಏನಿತ್ತೋ?"

ಏಜಾಜ ಕಣ್ಣು ಮುಚ್ಚಿದ. ಹುಸೇನಸಾಬ ಕಿವಿಯ ಮೇಲೆ ಕೈ ಇಟ್ಟು ದನಿ ಎತ್ತುವುದು ಕಂಡಿತು. ಧಾಟಿ ಬಂತು, ಮಾತು ಬರಲಿಲ್ಲ. "ಧಾಟಿ ಅಷ್ಟೇ ನೆನಪದ ಮುತ್ಯಾ."

"ಧಾಟಿ ನನಗೂ ನೆನಪದ," ಅಂದ ಮಲ್ಕಪ್ಪ. "ಧಾಟಿಗಿ ಏನಂತ ಜವಾಬ್ ಕೊಡ್ಲಿ?"

ಇಬ್ಬರೂ ಅತನೂರಿಗೆ ಹೋಗಿ ಬಂದರು. ಹುಸೇನಸಾಬನ ಮನೆಯಲ್ಲಿ ಯಾರಿಗೂ ಆ ಪದ ಬರುವುದಿಲ್ಲ. ಹಿಮ್ಮೇಳದವರಲ್ಲಿ ಒಬ್ಬ ಸತ್ತಿದ್ದಾನೆ, ಇನ್ನೊಬ್ಬನಿಗೆ ಕಿವಿ ಕೇಳಿಸದು, ಏನು ಕೇಳುತ್ತಿದ್ದಾರೆ ಎಂಬುದೇ ತಿಳಿಯದು. ಮಲ್ಕಪ್ಪ ಈಗಲೂ ಸಂತೆಯ ದಿನ ಬರುತ್ತಾನೆ. ಹಚ್ಚು ಅನ್ನುವುದಿಲ್ಲ. ಕಟ್ಟಿದ ಮೂರು ನುಡಿಯನ್ನು ತುಟಿಯಲ್ಲೇ ಅಂದುಕೊಳ್ಳುತ್ತಾನೆ, ನಾಲ್ಕನೆಯದಕ್ಕೆ ಬಂದು ನಿಲ್ಲುತ್ತಾನೆ, ಎದ್ದು ಬಸ್ಸಿಗೆ ಹೋಗುತ್ತಾನೆ. ಈಚೆಗೆ ಎರಡನೆಯದರಲ್ಲೂ ತಡವರಿಸುತ್ತಾನೆ.

ನೀವು ಆ ಕಡೆಯವರಾದರೆ, ಆ ಕೊನೆಯ ಮೇಳದಲ್ಲಿ ನಿಂತು ಕೇಳಿದವರಾದರೆ, ನಾಲ್ಕನೇ ಇಲ್ಲವೇ ಐದನೇ ನುಡಿಯ ಒಂದು ಸಾಲಾದರೂ ಕಿವಿಯಲ್ಲಿ ಉಳಿದಿದ್ದರೆ, ಆಳಂದಕ್ಕೆ ಹೋಗಿ. ಸಂತೆಯ ದಿನವೇ ಹೋಗಿ, ಮಧ್ಯಾಹ್ನದೊಳಗೆ. ಏನೂ ನೆನಪಿಲ್ಲವೇ? ಆದರೂ ಹೋಗಿ. ಸ್ಟೂಲು ಇನ್ನೊಂದು ಇದೆ. ಇಬ್ಬರೂ ಹೆಚ್ಚು ಮಾತಾಡುವುದಿಲ್ಲ, ಜೊತೆಗೆ ಕೂತು ಒಂದು ಕಪ್ ಚಹಾ ಕುಡಿದು ಬನ್ನಿ.