ಯಂತ್ರಕ್ಕೂ ಸೋಮವಾರ

ಡಿಸೆಂಬರಿನ ಎರಡನೆಯ ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ, ಕಿತ್ತೂರಿನ ಹೆದ್ದಾರಿ ಪಕ್ಕದಲ್ಲಿರುವ ಮಹಾದೇವಪ್ಪನವರ ತಂಪು ಕೋಣೆಯ ಯಂತ್ರ ಅರ್ಧ ನಿಮಿಷ ಓಡಿ ನಿಂತಿತು. ಕೋಣೆಯೊಳಗೆ ಮರುದಿನ ಸವದತ್ತಿಯ ಮದುವೆಮನೆಗೆ ಹೋಗಬೇಕಾದ ಹಾಲಿನ ಖವಾ ಇತ್ತು.

ನಾನು ಪಕ್ಕದ ಮನೆಯವನು, ಪತ್ರಿಕೆಗೆ ಸುದ್ದಿ ಬರೆಯುವವನು. ಕರೆಯದಿದ್ದರೂ ಹೋಗಿ ಇಣುಕುವುದು ಈ ಕಸುಬಿಗೆ ಅಂಟಿದ ಜಾಡ್ಯ. ಎಣ್ಣೆಯ ಮಟ್ಟ ನೋಡಲೆಂದು ಯಂತ್ರದ ಹೊಟ್ಟೆಗೆ ಒಂದು ಪುಟ್ಟ ದುಂಡು ಗಾಜು ಕೂಡಿಸಿರುತ್ತಾರೆ. ಅರ್ಧ ಗಾಜಿಗಿರಬೇಕಾದ ಎಣ್ಣೆ ಮೇಲಂಚಿನವರೆಗೆ ಏರಿತ್ತು. ಎಣ್ಣೆಗೇನೂ ಬರವಿಲ್ಲ, ಹೆಚ್ಚೇ ಇದೆ ಎಂದು ಗಂಭೀರವಾಗಿ ವರದಿ ಒಪ್ಪಿಸಿದೆ. ಅದನ್ನು ನಂಬಿ ಮಹಾದೇವಪ್ಪನವರು ಮತ್ತೆ ಗುಂಡಿ ಒತ್ತಿದರು. ಗಾಜಿನ ತುಂಬ ಹಾಲು ಉಕ್ಕಿದಂತೆ ಬೆಳ್ಳಗೆ ನೊರೆ ಎದ್ದಿತು. ಯಂತ್ರ ಮತ್ತೆ ನಿಂತಿತು.

ಬೈಲಹೊಂಗಲದ ಮೆಕ್ಯಾನಿಕ್ ಸುಜಾತಾ, ಗುಂಡಿ ಮುಟ್ಟಬಾರದು, ಬಾಗಿಲು ತೆರೆಯಬಾರದು ಎಂದು ಫೋನಿನಲ್ಲೇ ಕಟ್ಟಪ್ಪಣೆ ಮಾಡಿ, ಬಸ್ಸು ಹಿಡಿದು ಬಂದರು. ಗಾಜು ನೋಡಿದವರೇ, ಮೇನ್ ಸ್ವಿಚ್ ಯಾವಾಗ ಆರಿಸಿದ್ದಿರಿ ಎಂದು ಕೇಳಿದರು.

"ನಿನ್ನೆ ಸೋಮವಾರ ಅಲ್ಲೇನವಾ. ಎತ್ತಿಗೇ ಸೂಟಿ ಐತಿ, ಇದಕ್ಕ ಬ್ಯಾಡೇನು?" ಎಂದರು ಮಹಾದೇವಪ್ಪ. ಅವರ ಮನೆತನದಲ್ಲಿ ಯಾರೂ ಸೋಮವಾರ ಎತ್ತು ಹೂಡಿದವರಲ್ಲ. ಹೋದ ತಿಂಗಳು ಯಂತ್ರ ತಂದಾಗಿನಿಂದ ಅದಕ್ಕೂ ಅದೇ ನೇಮ. ಬಾಗಿಲು ಮುಚ್ಚಿದ್ದರೆ ಕೋಣೆಯ ತಂಪು ಒಂದು ದಿನ ತಾಳುತ್ತದೆ. ಹಿಂದಿನ ಸೋಮವಾರಗಳು ಹೇಗೋ ಸಾಗಿದ್ದವು, ಚಳಿ ಬಲಿತದ್ದು ಮಾತ್ರ ಆ ವಾರ.

ಸುಜಾತಾ ಹೇಳಿದ್ದನ್ನು ಆ ದಿನದಿಂದ ತಲೆಯಿಂದ ತೆಗೆಯಲಾಗಿಲ್ಲ. ನಿಂತ ಯಂತ್ರದೊಳಗೂ ಒತ್ತಡವಿರುತ್ತದೆ, ಟ್ರ್ಯಾಕ್ಟರಿನ ಗಾಲಿಯ ಗಾಳಿಗಿಂತ ಎಷ್ಟೋ ಪಟ್ಟು. ಆ ಒತ್ತಡದಲ್ಲಿ, ಯಾರೂ ದೂಡದೆ, ಒಂದಿಷ್ಟೂ ಸದ್ದಿಲ್ಲದೆ, ತಂಪು ಮಾಡುವ ಗ್ಯಾಸು ಎಣ್ಣೆಯೊಳಗೆ ಇಳಿದು ಕರಗುತ್ತದೆ. ಒತ್ತಡ ಹೆಚ್ಚಿದಷ್ಟೂ, ಎಣ್ಣೆ ತಣ್ಣಗಾದಷ್ಟೂ ಹೆಚ್ಚು ಕರಗುತ್ತದೆ. ಎಣ್ಣೆ ಉಬ್ಬಿ ಮೇಲೇರುತ್ತದೆ, ಆದರೆ ನೀರಿನಂತೆ ತೆಳ್ಳಗಾಗಿರುತ್ತದೆ. ಯಂತ್ರ ಹೊರಟ ಕ್ಷಣ ಒತ್ತಡ ಕುಸಿದು, ಅಡಗಿದ್ದ ಗ್ಯಾಸೆಲ್ಲ ಸೋಡಾ ಬಾಟಲಿಯಿಂದ ಚಿಮ್ಮುವಂತೆ ನೊರೆಯಾಗಿ ಹೊರಡುತ್ತದೆ. ತಿರುಗುವ ಉಕ್ಕಿಗೆ ಎಣ್ಣೆಯೇ ಸಿಗುವುದಿಲ್ಲ. ಮೂರನೆಯ ಸಲ ಒತ್ತಿದ್ದರೆ ಯಂತ್ರವೇ ಹೋಗಬಹುದಿತ್ತು. ನಾನು ಕಂಡದ್ದು ನಿಜ, ಹೇಳಿದ್ದು ಸುಳ್ಳು. ಇಷ್ಟು ವರ್ಷಗಳ ನನ್ನ ವರದಿಗಳಲ್ಲಿ ಇಂಥ ತುಂಬಿದ ಗಾಜುಗಳು ಎಷ್ಟಿದ್ದವೋ, ಓದುಗರೇ ಹೇಳಬೇಕು.

ಈ ಗ್ಯಾಸನ್ನು ಎಣ್ಣೆಯಿಂದ ದೂರವಿಡಲೆಂದೇ ಯಂತ್ರದ ತಳದಲ್ಲೊಂದು ಪುಟ್ಟ ಹೀಟರ್ ಇರುತ್ತದೆ. ಮೇನ್ ಆರಿಸಿದರೆ ಅದೂ ಆರುತ್ತದೆ.

"ಸೋಮವಾರ ಎತ್ತಿನ ನೊಗ ಇಳಸ್ತೀರಿ, ಖರೆ. ಮೇವು ನೀರೂ ಬಂದ್ ಮಾಡ್ತೀರೇನ್ರಿ ಕಾಕಾ?" ಎಂದರು ಸುಜಾತಾ.

ಹೀಟರ್ ಹೊತ್ತಿಸಿ ಸಂಜೆ ಐದರವರೆಗೆ ಕಾದೆವು. ಮಹಾದೇವಪ್ಪನವರು ಗಳಿಗೆಗೊಮ್ಮೆ ಹೋಗಿ ಕೋಣೆಯ ಬಾಗಿಲಿಗೆ ಅಂಗೈ ಇಟ್ಟು ನೋಡಿ, ತೆರೆಯದೆ ಮರಳುತ್ತಿದ್ದರು. ಐದಕ್ಕೆ ಯಂತ್ರ ಹೊರಟಿತು. ಗಾಜಿನಲ್ಲಿ ಚೂರು ನೊರೆ ಎದ್ದು, ಇಳಿದು, ಅರ್ಧಕ್ಕೆ ತಿಳಿಯಾದ ಎಣ್ಣೆ ನಿಂತಿತು. ಬುಧವಾರ ಖವಾ ಸವದತ್ತಿ ತಲುಪಿತು.

ನಿನ್ನೆ ಮತ್ತೆ ಸೋಮವಾರ ಬಂತು. ಮಹಾದೇವಪ್ಪನವರು ಎತ್ತು ಹೂಡಲಿಲ್ಲ, ಯಂತ್ರವನ್ನೂ ಓಡಿಸಲಿಲ್ಲ. ಮೇನ್ ಸ್ವಿಚ್ ಮಾತ್ರ ಹಾಕಿತ್ತು. ಹೀಟರಿನ ಕೆಂಪು ದೀಪ ದಿನವಿಡೀ ಉರಿಯುತ್ತಿತ್ತು.